ಕೊಂಡಿ ಮುರಿದ ಕರಿಮಣಿ

"ಮುಚ್ಚಳ ಹಾಕ್ಬೇಡಿ," ಎಂದು ಕೊಸ್ಮಸ್ ಶವಪೆಟ್ಟಿಗೆಗೆ ಅಡ್ಡ ಕೈಯಿಟ್ಟ. ಕೊಲ್ಲಿ ನಾಡಿನ ಮನಾಮದ ಇಗರ್ಜಿಯಲ್ಲಿ ಪಾದ್ರಿಗಳು ಗಡಿಯಾರ ನೋಡಿದರು. ಒಳಗೆ ಈನಿಡ್ ಮಲಗಿದ್ದಳು. ಇಪ್ಪತ್ತು ವರ್ಷ ನರ್ಸಾಗಿ ಊರವರ ಜ್ವರ ಇಳಿಸಿದವಳು, ತನಗೆ ಎದೆನೋವು ಬಂದ ಮೂರೇ ಗಂಟೆಯಲ್ಲಿ ಹೋಗಿಬಿಟ್ಟಿದ್ದಳು.

ಅಕ್ಕ ಫಿಲೊಮಿನಾ ಅವನ ತೋಳು ಹಿಡಿದಳು. "ಎಂತ ಮಾಡ್ತಿ ಮಾರಾಯಾ? ಹಿಂದಿನ ಬೆಂಚಲ್ಲಿ ಕೂತ್ಕೊ. ಮುಂದಿನದು ಮನೆಯವರಿಗೆ."

"ಹದಿನಾಲ್ಕು ವರ್ಷ ನನ್ನ ಜೊತೆ ಬಂಗುಡೆ ಗಸಿ ಉಂಡವಳಿಗೆ ಮನೆಯವರು ಮತ್ಯಾರು ಅಕ್ಕಾ?"

ಅಕ್ಕಪಕ್ಕದ ಎರಡು ಬಾಗಿಲು, ಒಂದೇ ಒಲೆ ಎಂದು ಅವರಿದ್ದ ಬುಸೈತೀನ್ ಕೇರಿಗೆಲ್ಲ ಗೊತ್ತಿತ್ತು. ಫಿಲೊಮಿನಾ ಮಾತ್ರ ಈನಿಡಳನ್ನು ಒಂದು ಕ್ರಿಸ್ಮಸ್ಸಿಗೂ ಕರೆದವಳಲ್ಲ.

*

ಮದುವೆಯಾಗು ಎಂದು ಕೊಸ್ಮಸ್ ಕೇಳದೆ ಬಿಟ್ಟವನೇ? ಎಂಬತ್ತೆರಡನೇ ಇಸವಿಯಲ್ಲೇ ಕರಿಮಣಿ ತಂದಿದ್ದ. ಈನಿಡ್ ನಕ್ಕಿದ್ದಳು. ಅವಳು ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದ, ಜಾಯಿಕಾಯಿ ಬೆಳೆಯುವ ಹಳ್ಳಿಯವಳು.

"ನಮ್ಮಲ್ಲಿ ಮೊದಲು ಜೊತೆಗಿರ್ತಾರೆ, ಮನೆ ಕಟ್ತಾರೆ, ಮಾಡು ಹೊದೆಸಿದ ಮೇಲೆ ಮದುವೆ. ನನ್ನಮ್ಮನ ಮದುವೆಗೆ ಹೂ ಹಿಡಿದವಳೇ ನಾನು."

"ನಮ್ಮಲ್ಲಿ ಮದುವೆ ಮೊದಲು."

"ಗೋಡೆ ಎಬ್ಬಿಸ್ಲಿಕ್ಕೆ ಬರ್ತದೋ ಇಲ್ವೋ ನೋಡದೆ ಗಂಡಸನ್ನ ಕಟ್ಕೊಳ್ತೀರಾ?"

ಹಟಕ್ಕೆ ಬಿದ್ದ ಕೊಸ್ಮಸ್, ತಾನು ದುಡಿಯುವ ಸಲ್ಮಾಬಾದಿನ ಗ್ಯಾರೇಜಿನಿಂದ ರಜೆ ಸಿಕ್ಕಾಗಲೆಲ್ಲ ಅವಳ ಹಳ್ಳಿಗೇ ಹೋಗಿ ಗೋಡೆ ಎಬ್ಬಿಸಿದ. ಕೆಂಪು ತಗಡಿನ ಮಾಡಿನ ಫೋಟೊ ಕಳೆದ ವಾರ ಬಂತು. "ಈಗ ತೆಗಿ ನಿನ್ನ ಮಣಿ," ಅಂದಿದ್ದಳು ಈನಿಡ್. ಶುಕ್ರವಾರ ಪಾದ್ರಿಗಳನ್ನು ಕಾಣುವುದೆಂದಾಗಿತ್ತು. ಇವತ್ತೇ ಆ ಶುಕ್ರವಾರ.

*

ಕೊಸ್ಮಸ್ ಕರಿಮಣಿ ಹೊರತೆಗೆದ.

"ಸತ್ತವಳಿಗಾ?" ಎಂದಳು ಫಿಲೊಮಿನಾ. "ಇದು ಯಾವ ಕ್ರಮದಲ್ಲಿ ಉಂಟು?"

"ಗಂಡನಿಗಿಂತ ಮುಂಚೆ ಹೋದವಳ ಕರಿಮಣಿ ಅವಳ ಕುತ್ತಿಗೆಯಲ್ಲೇ ಹೋಗ್ಬೇಕು ಅಂತ ಅಮ್ಮ ಸತ್ತಾಗ ನೀನೇ ಹೇಳಿದ್ದಲ್ವಾ?"

ಅಕ್ಕ ಪಾದ್ರಿಗಳ ಕಡೆ ತಿರುಗಿದಳು.

"ಇದನ್ನು ಮದುವೆ ಅಂತ ನಾನು ಬರೆಯುವುದಿಲ್ಲ ಕೊಸ್ಮಸ್," ಎಂದರು ಪಾದ್ರಿಗಳು.

"ಬರೀಬೇಡಿ ಫಾದರ್. ಸ್ವಲ್ಪ ನಿಲ್ಲಿ, ಸಾಕು."

ಅವಳ ಕೊರಳಿಗೆ ಸುತ್ತಿದ. ಹದಿನಾಲ್ಕು ವರ್ಷ ಪೆಟ್ಟಿಗೆಯಲ್ಲಿ ಬಿದ್ದಿದ್ದ ಕೊಂಡಿ ಪಟ್ಟೆಂದು ಮುರಿಯಿತು.

"ನೋಡು, ದೇವರಿಗೂ ಮನಸ್ಸಿಲ್ಲ," ಎಂದಳು ಫಿಲೊಮಿನಾ.

"ದೇವರನ್ನು ಆಮೇಲೆ ಕೇಳ್ತೇನೆ."

ಗ್ಯಾರೇಜಿನವನ ಯಾವ ಪ್ಯಾಂಟಿನ ಜೇಬಾದರೂ ಅಷ್ಟೇ, ಒಂದು ತುಂಡು ಬೈಂಡಿಂಗ್ ವೈರು ಇದ್ದೇ ಇರುತ್ತದೆ. ಎರಡು ತುದಿ ಕೂಡಿಸಿ ಮೂರು ಸುತ್ತು ತಿರುಚಿದ. ಎಳೆದು ನೋಡಿದ, ಗಟ್ಟಿಯಿತ್ತು. ಅವಳಿಗೆ ಚುಚ್ಚದಂತೆ ವೈರಿನ ಮೊನೆ ಮಡಚಿ, ಮುಂದಿನ ಬೆಂಚಿಗೆ ಹೋಗಿ ನಟ್ಟನಡುವೆ ಕುಳಿತ.