ತಾದೆಕ್‌ನ ಟ್ರಾಮು

ಒತಿಲ್ಯಾ ಬರೆದ ಆ ಹಾಡಿನಲ್ಲಿ ಐದು ಹೆಸರುಗಳಿದ್ದವು. ವಿಲ್ಹೆಲ್ಮ್, ತೆಯೊದೋರ್, ಆಗುಸ್ತಿನ್, ಅಲೋಯ್ಸ್, ಕೊನ್ರಾಡ್. ಬಿತೊಮ್ ಊರಿನ ಕಲ್ಲಿದ್ದಲ ಗಣಿಗೆ ಬೆಳಗಿನ ಪಾಳಿಯಲ್ಲಿ ಇಳಿದವರು, ಒಳಗೆ ಅನಿಲ ಹೊತ್ತಿಕೊಂಡು ಮೇಲೆ ಬರದೇ ಹೋದವರು. ನಾಲ್ಕನೆಯವನು ಅವಳ ಅಣ್ಣ.

ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು, ಹೆಸರುಗಳಿರಲಿಲ್ಲ. ಮಣ್ಣು ಮಾಡುವ ಕೆಲಸವನ್ನು ಬೆಳಿಗ್ಗೆ ಏಳಕ್ಕೇ ಮುಗಿಸಬೇಕೆಂದು ಮೇಲಿನಿಂದ ಹೇಳಿ ಕಳಿಸಿದ್ದರು. ಗಣಿಯವನು ತೀರಿಕೊಂಡರೆ ಕರಿ ಸಮವಸ್ತ್ರ, ಗರಿ ಸಿಕ್ಕಿಸಿದ ಟೋಪಿ, ಹಿತ್ತಾಳೆ ವಾದ್ಯದವರು ಇರಲೇಬೇಕು. ಅವತ್ತು ಅದ್ಯಾವುದೂ ಇರಲಿಲ್ಲ. ಸ್ಮಶಾನದ ಗೇಟಿನ ಹೊರಗೆ ಒಂದು ಪೊಲೀಸ್ ವ್ಯಾನು ಎಂಜಿನ್ ಆರಿಸದೆ ನಿಂತೇ ಇತ್ತು. ಪಾದ್ರಿ ಹೆಸರು ಓದಿದ್ದು ಮೂರನೇ ಸಾಲಿನವರಿಗೂ ಕೇಳಿಸಲಿಲ್ಲ.

ಅಲೋಯ್ಸ್‌ನ ಹೆಂಡತಿ ಎಲ್ಫ್ರಿದಾ ನಾಲ್ಕು ದಿನ ಮನೆಗೆ ಬಂದವರಿಗೆಲ್ಲ ಚಹಾ ಕಾಸಿ ಕೊಟ್ಟಳು. ಐದನೇ ದಿನ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದವಳು ನಾದಿನಿಯನ್ನು ಕರೆದಳು.

"ಒತ್ಕಾ, ನೀವೆಲ್ಲ ರೇಡಿಯೊದಲ್ಲಿ ಬರ್ತೀರಲ್ಲ."

"ಬರ್ತೀವಿ ಅತ್ತಿಗೆ. ಎರಡು ಸಲ ಬಂದಿದೀವಿ."

"ಅವರ ಹೆಸರುನ ಒಂದ್ಸಲ ಗಟ್ಟಿಯಾಗಿ ಹೇಳ್ಸೋಕಾಗುತ್ತಾ? ಎಲ್ಲರಿಗೂ ಕೇಳೋ ಹಾಗೆ?"

"ಆಗುತ್ತೆ," ಅಂದುಬಿಟ್ಟಳು ಒತಿಲ್ಯಾ. ಇಪ್ಪತ್ತಾರು ವಯಸ್ಸು. ಆಗುತ್ತೆ ಅನ್ನುವ ಮಾತು ಆ ವಯಸ್ಸಿನಲ್ಲಿ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಅವರ ತಂಡದ ಹೆಸರು ಶಿಖ್ತಾ. ಗಣಿಯವರ ಬಾಯಲ್ಲಿ ಅದು ಪಾಳಿ ಅಂತ. ಹಾಡುವವನು ಜೆನೆಕ್, ಗಣಿಯ ದೀಪಗಳನ್ನು ರಿಪೇರಿ ಮಾಡುತ್ತಿದ್ದವನು, ಜಲ್ಲಿ ಅರೆಯುವಂಥ ಗಂಟಲು. ಡ್ರಮ್ಮಿಗೆ ಬ್ರೂನೊ. ಒತಿಲ್ಯಾ ಚರ್ಚಿನಲ್ಲಿ ಆರ್ಗನ್ ಕಲಿತವಳು, ಇಲ್ಲಿ ಕೀಬೋರ್ಡಿನ ಮುಂದೆ ನಿಲ್ಲುತ್ತಿದ್ದಳು, ಹಾಡುಗಳನ್ನೂ ಅವಳೇ ಬರೆಯುತ್ತಿದ್ದಳು. ಗಿಟಾರಿನವರು ಬರುತ್ತಿದ್ದರು, ಜರ್ಮನಿಗೆ ಹೋಗಿಬಿಡುತ್ತಿದ್ದರು, ಬೇರೊಬ್ಬರು ಬರುತ್ತಿದ್ದರು. ಈ ಮೂವರು ಮಾತ್ರ ಕದಲಲಿಲ್ಲ.

ಆಗ ಯಾವ ಹಾಡನ್ನೂ ಸುಮ್ಮನೆ ಹಾಡುವ ಹಾಗಿರಲಿಲ್ಲ. ಟೈಪು ಮಾಡಿ ಮೂರು ಪ್ರತಿ ಸೆನ್ಸಾರ್ ಕಚೇರಿಗೆ ಕೊಡಬೇಕು. ಅವರು ಓದಿ, ಬೇಡವಾದದ್ದನ್ನು ಹೊಡೆದುಹಾಕಿ, ಪ್ರತಿ ಹಾಳೆಗೂ ಮುದ್ರೆ ಒತ್ತಿ ಕೊಡುತ್ತಾರೆ. ಮುದ್ರೆ ಬಿದ್ದ ಹಾಳೆಯಲ್ಲಿ ಏನಿದೆಯೋ ಅದನ್ನೇ ಹಾಡಬೇಕು. ಒಂದು ಸಾಲು ಆಚೀಚೆಯಾದರೂ ತಂಡಕ್ಕೆ ವರ್ಷಗಟ್ಟಲೆ ವೇದಿಕೆ ಸಿಗುವುದಿಲ್ಲ.

ಬರೆಯುವವರೂ ಕಮ್ಮಿ ಇರಲಿಲ್ಲ. ಎಲ್ಲ ತಂಡಗಳವರೂ ಮಾಡುತ್ತಿದ್ದ ಉಪಾಯ ಒಂದಿತ್ತು. ಉಳಿಸಿಕೊಳ್ಳಬೇಕಾದ ಚರಣದ ಪಕ್ಕದಲ್ಲೇ, ಕಣ್ಣಿಗೆ ಕುಕ್ಕುವಂಥ ಇನ್ನೊಂದು ಚರಣ ಬರೆದಿಡುವುದು. ಕತ್ತರಿ ಹಿಡಿದವನಿಗೂ ಸಂಜೆಯೊಳಗೆ ಏನಾದರೂ ಕತ್ತರಿಸಿದೆ ಅಂತ ತೋರಿಸಬೇಕಲ್ಲ. ಅವನು ಆ ಎರೆಯನ್ನು ಕಚ್ಚುತ್ತಾನೆ, ಮಿಕ್ಕದ್ದು ದಾಟಿಕೊಳ್ಳುತ್ತದೆ. ಒತಿಲ್ಯಾ ಹೀಗೆ ಆರು ಹಾಡುಗಳನ್ನು ದಾಟಿಸಿದ್ದಳು.

ಐದು ಹೆಸರುಗಳ ಹಾಡಿಗೂ ಎರೆ ಬೇಕಾಯಿತು. ಜೆನೆಕ್‌ನ ಅಡುಗೆಮನೆಯಲ್ಲಿ ಕೂತು ಕಾಲು ಗಂಟೆಯಲ್ಲಿ ಗೀಚಿದಳು.

ತಾದೆಕ್ ಕುಡಿದ, ಟ್ರಾಮು ಹೊಡೆದ,
ಹಳಿಯ ಬಿಟ್ಟು ಹೊಲಕೆ ನಡೆದ,
ಮುಂದೆ, ಮುಂದೆ ಎಂದು ಒದರಿದ;
ಕೂತ ನಮ್ಮಲಿ ಯಾವನು ಕೇಳಿದ?

ಬ್ರೂನೊ ಓದಿ ಹೊಟ್ಟೆ ಹಿಡಿದುಕೊಂಡ. "ಅಯ್ಯೋ ಮಾರಾಯ್ತಿ, ಇಡೀ ಸರ್ಕಾರಾನೇ ಟ್ರಾಮಲ್ಲಿ ಕೂರಿಸಿಬಿಟ್ಟಿದೀಯಲ್ಲೇ! ಹಾಡಿಗೆ ಕತ್ತರಿ ಅಲ್ಲ, ನಿನಗೇ ಕೋಳ ಹಾಕ್ತಾರೆ ನೋಡು."

"ಮೊದಲ ಸಾಲಿಗೇ ಹೊಡೆದು ಬಿಸಾಕ್ತಾರೆ. ಬೇಕಾಗಿರೋದು ಅದೇ ತಾನೇ," ಅಂದಳು ಒತಿಲ್ಯಾ.

"ಬಿಸಾಕೋದಕ್ಕೆ ಅಂತ ಇಷ್ಟು ಚೆನ್ನಾಗಿ ಯಾಕೆ ಬರೀತೀಯೇ?" ಅಂತ ಜೆನೆಕ್ ಗೊಣಗಿದ. ಅವನ ಬೆರಳು ಆಗಲೇ ಮೇಜಿನ ಮೇಲೆ ತಾಳ ಹಾಕುತ್ತಿತ್ತು.

ಸೆನ್ಸಾರ್ ಕಚೇರಿಯಲ್ಲಿ ಹೊಸ ಅಧಿಕಾರಿ ಬಂದಿದ್ದ. ಸಣ್ಣ ವಯಸ್ಸು, ಶೀತ ಹಿಡಿದಿತ್ತು, ಎದುರಿಗೆ ಗ್ಲಾಸಿನಲ್ಲಿ ಚಹಾ. ಅವಳನ್ನು ಕೂರಿಸಿದ, ಓದಿದ. ಟ್ರಾಮಿನ ಚರಣಕ್ಕೆ ಬಂದಾಗ ನಗು ತಡೆಯಲಾರದೆ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ.

"ಪಾನಿ ಒತಿಲ್ಯಾ," ಅಂದ, ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ. "ಇದು ಬಹಳ ಚೆನ್ನಾಗಿದೆ. ಕುಡಿತದ ವಿರುದ್ಧ ಸರ್ಕಾರವೇ ಪ್ರಚಾರ ನಡೆಸ್ತಾ ಇದೆ. ಇಂಥ ಹಾಡುಗಳು ಬೇಕು ನೋಡಿ."

ಒತಿಲ್ಯಾ ಹಾಳೆಯ ಕಡೆ ಕೈ ಚಾಚಿದಳು. "ಅದು ಸ್ವಲ್ಪ ಒರಟಾಯ್ತೇನೋ ಅಂತ… ಬೇಕಿದ್ರೆ ತೆಗೆದುಬಿಡ್ತೀನಿ."

"ಬೇಡ, ಬೇಡ. ಇರಲಿ. ಮುಂದಿನ ಚರಣದಲ್ಲಿ ಏನೋ ಹೆಸರುಗಳು ಬರ್ತಾವೆ. ಯಾರು ಇವರೆಲ್ಲ?"

"ಸುಮ್ಮನೆ, ಹೆಸರುಗಳು."

ಅವನು ಚಹಾದ ಗ್ಲಾಸನ್ನು ಪಕ್ಕಕ್ಕೆ ಸರಿಸಿದ. ಕೆಟ್ಟವನಲ್ಲ ಅಂತ ಅವಳಿಗೆ ಆಗಲೂ ಅನಿಸಿತು, ಆಮೇಲೂ ಅನಿಸಿತು. ಡ್ರಾಯರಿನಿಂದ ಎಲ್ಲೂ ಬರಬಾರದ ಹೆಸರುಗಳ ಒಂದು ಪಟ್ಟಿ ತೆಗೆದ, ಬೆರಳಿಟ್ಟು ಹುಡುಕಿದ, ಮುಚ್ಚಿಟ್ಟ. "ನನ್ನ ಮಾವನೂ ಗಣಿಯಲ್ಲೇ ಇದ್ದ," ಅಂತ ಮೆಲ್ಲಗೆ ಅಂದು, ಐದು ಹೆಸರುಗಳ ಮೇಲೆ ಅಡ್ಡಗೆರೆ ಎಳೆದು ಮುದ್ರೆ ಒತ್ತಿದ.

ಹೊರಗೆ ಬಂದು ಹಾಳೆ ತೋರಿಸಿದಾಗ ಬ್ರೂನೊ ನಗಲಿಲ್ಲ. "ಹಾಡ್ನೇ ಬಿಟ್ಬಿಡೋಣ," ಅಂದ.

"ನಾಡಿದ್ದು ರೇಡಿಯೊ ರೆಕಾರ್ಡಿಂಗು," ಅಂದ ಜೆನೆಕ್. "ಬೇರೆ ಯಾವ ಹೊಸ ಹಾಡಿಗೂ ಮುದ್ರೆ ಇಲ್ಲ. ಇದನ್ನ ಹಾಡಿ ಹೆಸರು ಮಾಡ್ಕೊಳೋಣ ಒತ್ಕಾ. ಹೆಸರು ಬಂದ್ಮೇಲೆ ಏನು ಬೇಕಾದ್ರೂ ಹಾಡ್ಬೋದು. ನಿನ್ನ ಐದು ಹೆಸರು ಎಲ್ಲಿ ಹೋಗ್ತಾವೆ?"

ಅವಳು ಒಪ್ಪಿದಳು. ಒಪ್ಪದೆ ಇನ್ನೇನು ಮಾಡಬಹುದಿತ್ತು ಅಂತ ಮುಂದೆ ಎಷ್ಟೋ ವರ್ಷ ಅವಳು ತಿರುವಿ ಹಾಕಿ ನೋಡಿದ್ದುಂಟು.

ಆ ಬೇಸಿಗೆ ಬಾಲ್ಟಿಕ್ ಸಮುದ್ರದ ದಂಡೆಯಿಂದ ಬೆಟ್ಟದ ಸೀಮೆಯವರೆಗೆ ಕಿಟಕಿ ಕಿಟಕಿಯಲ್ಲೂ ತಾದೆಕ್‌ನ ಟ್ರಾಮು ಓಡಿತು. ಸೆನ್ಸಾರಿನವನಿಗೆ ಕಾಣದೇ ಹೋದದ್ದು ಜನರಿಗೆ ಮೊದಲ ಸಲಕ್ಕೇ ಕಂಡಿತ್ತು. "ಮುಂದೆ, ಮುಂದೆ" ಅಂತ ಜೆನೆಕ್ ಕೂಗಿದರೆ ಮೈದಾನಕ್ಕೆ ಮೈದಾನವೇ ಎದ್ದು ನಿಲ್ಲುತ್ತಿತ್ತು. ಆ ಸಾಲಿನ ಕೊನೆಗೆ ಬ್ರೂನೊ ಒಂದು ಗಂಟೆ ಕಟ್ಟಿಕೊಂಡು ಟಿಂಗ್ ಟಿಂಗ್ ಅನ್ನಿಸಿದ. ಜನರೂ ಟಿಂಗ್ ಟಿಂಗ್ ಅಂದರು. ಕಚೇರಿಯವರು ಎಚ್ಚೆತ್ತು ನಿಷೇಧಿಸುವ ಹೊತ್ತಿಗೆ ಹಾಡು ಎಲ್ಲರ ಬಾಯಿಗೂ ಹತ್ತಿಬಿಟ್ಟಿತ್ತು; ನಿಷೇಧವಾದ ಮೇಲಂತೂ ಕೇಳಲೇ ಬೇಡಿ.

ಎಲ್ಫ್ರಿದಾ ರೇಡಿಯೊ ಹಚ್ಚಿ ಕೂತು ಪೂರ್ತಿ ಕೇಳಿದಳು. "ಹೆಸರು?" ಅಂದಳು.

"ಈ ಸಲ ಆಗ್ಲಿಲ್ಲ ಅತ್ತಿಗೆ."

"ಆಯ್ತು ಬಿಡು. ಮುಂದಿನ ಸಲ."

ಸರ್ಕಾರ ಬಿದ್ದಿತು. ಸೆನ್ಸಾರ್ ಕಚೇರಿ ಇದ್ದ ಕಟ್ಟಡದಲ್ಲಿ ಪೀಠೋಪಕರಣದ ಅಂಗಡಿ ಬಂತು. ಶಿಖ್ತಾದವರು ಮಾಡಿದ ಮೊದಲ ಕೆಲಸ ಅಂದರೆ ಹಾಡನ್ನು ಹೊಸದಾಗಿ ರೆಕಾರ್ಡು ಮಾಡಿಸಿದ್ದು. ಟ್ರಾಮು ತೆಗೆದು, ಐದು ಹೆಸರಿಟ್ಟು. ರೇಡಿಯೊದವರು ಒಮ್ಮೆಯೂ ಹಾಕಲಿಲ್ಲ. "ಪಾನಿ, ಅದು ಒಳ್ಳೇದೇ, ಆದ್ರೆ ಕೇಳುವವರು ಹಳೇದನ್ನೇ ಕೇಳ್ತಾರಲ್ಲ," ಅಂತ ಫೋನಿನಲ್ಲಿ ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ಒಮ್ಮೆ ಪೊಜ್ನಾನ್ ಊರಿನಲ್ಲಿ ಹೊಸದನ್ನು ಹಾಡಿದಾಗ ಜನ ಸೌಜನ್ಯಕ್ಕೆ ಚಪ್ಪಾಳೆ ತಟ್ಟಿ, "ಈಗ ಟ್ರಾಮು!" ಅಂತ ಕೂಗಿದರು. ಆಮೇಲೆ ಕೆಲವು ವರ್ಷ ಯಾವ ಹಾಡನ್ನೂ ಯಾರೂ ಕೇಳಲಿಲ್ಲ. ಆಮೇಲೆ ಹಳೆಯ ತಂಡಗಳಿಗೆ ಮತ್ತೆ ಕಾಲ ಬಂತು. ಸುಗ್ಗಿಯ ಉತ್ಸವ, ಆಲೂಗಡ್ಡೆ ಮೇಳ, ಯಾರದೋ ಮಗಳ ಮದುವೆ, ಎಲ್ಲ ಕಡೆಯೂ ಕರೆಯುವಾಗಲೇ ಹೇಳಿಬಿಡುತ್ತಿದ್ದರು: ಟ್ರಾಮು ಇರಬೇಕು. ಬೇರೆ ನಲವತ್ತು ಹಾಡು ಬರೆದಿದ್ದಳು ಒತಿಲ್ಯಾ. ಕಾಲು ಗಂಟೆಯಲ್ಲಿ ಗೀಚಿದ, ಬಿಸಾಕುವುದಕ್ಕೆಂದೇ ಬರೆದ ನಾಲ್ಕು ಸಾಲು ಅವಳಿಗೆ ಅನ್ನ ಹಾಕಿತು. ಹಾಗಂತ ಯಾರನ್ನು ಬೈಯುವುದು?

ಎಲ್ಫ್ರಿದಾ ಪ್ರತಿ ವರ್ಷ ಒಂದು ಸಲ ಕೇಳುತ್ತಿದ್ದಳು. ಬೇಸರದಿಂದಲ್ಲ, ಬಸ್ಸು ಎಷ್ಟೊತ್ತಿಗೆ ಬರುತ್ತದೆ ಅಂತ ಕೇಳುವ ಹಾಗೆ.

ಗಣಿ ಮುಚ್ಚಿದ ವರ್ಷ ಶಿಖ್ತಾ ಕೂಡ ನಿಲ್ಲಿಸುವುದೆಂದು ತೀರ್ಮಾನವಾಯಿತು. ಜೆನೆಕ್‌ನ ಶ್ವಾಸಕೋಶ ಸೋತಿತ್ತು, ಬ್ರೂನೊನ ಮಣಿಕಟ್ಟು ಊದಿರುತ್ತಿತ್ತು. ಕೊನೆಯ ಕಾರ್ಯಕ್ರಮ ಬಿತೊಮ್‌ನಲ್ಲೇ, ಡಿಸೆಂಬರ್ ನಾಲ್ಕರಂದು, ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಹಬ್ಬದ ದಿನ. ಬೆಳಿಗ್ಗೆ ಹಿತ್ತಾಳೆ ವಾದ್ಯದವರು ಬೀದಿ ಬೀದಿ ಸುತ್ತಿ ಜನರನ್ನು ಎಬ್ಬಿಸಿದ್ದರು. ಮಧ್ಯಾಹ್ನ ಮೂರಕ್ಕೆ ಗಣಿಯ ಹಳೆಯ ಸಭಾಭವನ ತುಂಬಿಹೋಗಿತ್ತು.

ಎಲ್ಫ್ರಿದಾಗೆ ಎಪ್ಪತ್ತು ದಾಟಿತ್ತು. ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿ ಬಂದು ಒತಿಲ್ಯಾ ಜೆನೆಕ್‌ನ ಕೈ ಹಿಡಿದುಕೊಂಡಳು.

"ಇವತ್ತು ಟ್ರಾಮು ಬೇಡ. ಹೆಸರುಗಳು. ಮತ್ತೆ ಕೇಳೋದಿಲ್ಲ ನಿನ್ನ, ಮತ್ತೆ ಅಂತ ಇಲ್ವಲ್ಲ."

"ಹಾಡ್ತೀನಿ ಕಣೇ. ಅಂಗೈ ಮೇಲೆ ಬರ್ಕೊಂಡಿದೀನಿ ನೋಡು." ನಿಜವಾಗಿಯೂ ಬರೆದುಕೊಂಡಿದ್ದ, ನೀಲಿ ಶಾಯಿಯಲ್ಲಿ, ಪರೀಕ್ಷೆಯಲ್ಲಿ ಮಗ್ಗಿ ಕಾಪಿ ಹೊಡೆಯುವ ಹುಡುಗನ ಹಾಗೆ.

"ನೀನೂ ಅಷ್ಟೇ," ಅಂದಳು ಬ್ರೂನೊನಿಗೆ. "ಗಂಟೆ ಮುಟ್ಟಬೇಡ."

"ಗಂಟೆ ಮುಟ್ಟಿದ್ರೆ ಈ ಕೈ ಕಡಿದುಹಾಕು. ಹೇಗೂ ಕೆಲಸಕ್ಕೆ ಬಾರದ ಕೈ," ಅಂದ ಬ್ರೂನೊ.

ಆ ಹಾಡು ಬಂದಾಗ ಜೆನೆಕ್ ಮುಂದೆ ಬಂದು ನಿಂತ. "ಈ ಹಾಡಿನಲ್ಲಿ ಐದು ಜನರ ಹೆಸರಿದೆ," ಅಂದ. "ನಮ್ಮೂರಿನವರು. ನಿಮ್ಮವರು. ಇವತ್ತು ಅವರಿಗಾಗಿ…" ಮುಂದಿನದು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಹಾಡಿನ ಮೊದಲ ಸ್ವರಗಳ ಗುರುತು ಸಿಕ್ಕಿದ್ದೇ ಇಡೀ ಭವನ ಎದ್ದು ನಿಂತಿತ್ತು.

ಮೊದಲ ಎರಡು ಚರಣ ಸರಾಗವಾಗಿ ಹೋದವು. ಮೂರನೆಯದಕ್ಕೆ ಜೆನೆಕ್ ಅಂಗೈ ನೋಡಿಕೊಂಡು, ಕಣ್ಣು ಮುಚ್ಚಿ, "ವಿಲ್ಹೆಲ್ಮ್," ಎಂದು ಎತ್ತಿದ.

"ತಾದೆಕ್ ಕುಡಿದ!" ಅಂತ ಒಂದು ಸಾವಿರ ಜನ ಹಾಡಿದರು.

ಅದರಲ್ಲಿ ಕೆಟ್ಟ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಅವರು ತಮ್ಮ ಪ್ರಾಯವನ್ನೆಲ್ಲ ಆ ಸಾಲುಗಳಲ್ಲಿ ಕಳೆದವರು. ಕೆಲಸ ಹೋದವರು, ಗರಿ ಟೋಪಿ ಎದೆಗೊತ್ತಿಕೊಂಡ ಮುದುಕರು, ಪ್ರೀತಿಯಿಂದ ಮುಖ ಕೆಂಪಾದವರು. ಜೆನೆಕ್ ಮರೆತಿರಬೇಕೆಂದುಕೊಂಡು ಅವನ ಕೈ ಹಿಡಿದು ನಡೆಸುವ ಹಾಗೆ ಇನ್ನೂ ಗಟ್ಟಿಯಾಗಿ ಹಾಡಿದರು.

"ತೆಯೊದೋರ್," ಅಂದ ಜೆನೆಕ್. ಅವನ ಸ್ವರ ಒಂದು ಮೆಟ್ಟಿಲು ಜಾರಿತು. ಒತಿಲ್ಯಾ ಕೀಬೋರ್ಡಿನಲ್ಲಿ ಅವನಿಗೆ ಸ್ವರ ಕೊಟ್ಟಳು, ಮತ್ತೆ ಕೊಟ್ಟಳು. ಅವನು ಬಾಯಿ ತೆರೆದ. ಗಾಳಿ ಸಾಲಲಿಲ್ಲ. ಬಂದಷ್ಟು ಗಾಳಿಯಲ್ಲಿ ನಾಲಿಗೆ ತಾನು ಮೂವತ್ತೈದು ವರ್ಷ ನಡೆದ ದಾರಿಯನ್ನೇ ಹಿಡಿಯಿತು: "ಮುಂದೆ, ಮುಂದೆ…"

ಟಿಂಗ್ ಟಿಂಗ್ ಅಂದಿತು ಗಂಟೆ. ಬ್ರೂನೊ ತನ್ನ ಕೈಯನ್ನೇ ನೋಡುತ್ತ ಕೂತಿದ್ದ, ಅದು ಬೇರೆ ಯಾರದೋ ಎಂಬಂತೆ.

ಒತಿಲ್ಯಾ ನಿಲ್ಲಿಸಬಹುದಿತ್ತು. ಕೈ ಎತ್ತಿಬಿಟ್ಟಿದ್ದರೆ ಹಾಡು ಅಲ್ಲೇ ಕುಸಿಯುತ್ತಿತ್ತು. ಮೊದಲ ಸಾಲನ್ನು ನೋಡಿದಳು. ಅತ್ತಿಗೆ ಎದ್ದು ನಿಂತಿದ್ದಳು. ಕೋಲನ್ನು ಪಕ್ಕದವನ ಕೈಗೆ ಕೊಟ್ಟು, ಎರಡೂ ಕೈ ತಲೆಯ ಮೇಲೆತ್ತಿ ತಟ್ಟುತ್ತ, ಹಲ್ಲಿಲ್ಲದ ಬಾಯಿ ತೆರೆದು, ಯಾವನು ಕೇಳಿದ, ಯಾವನು ಕೇಳಿದ ಎಂದು ಹಾಡುತ್ತಿದ್ದಳು. ಅಲೋಯ್ಸ್ ಹೋದಾಗಿನಿಂದ ಆ ಮುಖದಲ್ಲಿ ಅಂಥ ನಗುವನ್ನು ಒತಿಲ್ಯಾ ಕಂಡಿರಲಿಲ್ಲ. ಅವಳ ಬೆರಳುಗಳು ಕೊನೆಯ ಸ್ವರದವರೆಗೂ ನುಡಿಸಿದವು.

ಕಾರ್ಯಕ್ರಮ ಮುಗಿದ ಮೇಲೆ ಎಲ್ಫ್ರಿದಾ ಪಕ್ಕದ ಕೋಣೆಗೆ ಬಂದಳು, ಏದುಸಿರು ಬಿಡುತ್ತ. ಜೆನೆಕ್ ಮೂಲೆಯಲ್ಲಿ ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತಿದ್ದ.

"ಒತ್ಕಾ, ನಮ್ಮೋನ ಹೆಸರು ಯಾವಾಗ ಬಂತೇ? ನಾನೂ ಹಾಡ್ತಿದ್ನಲ್ಲ, ಆ ಗಲಾಟೇಲಿ ಕೇಳಿಸ್ಲೇ ಇಲ್ಲ."

ಜೆನೆಕ್ ಟವೆಲು ಇಳಿಸಿ ಒತಿಲ್ಯಾಳನ್ನು ನೋಡಿದ.

"ಬಂತು ಅತ್ತಿಗೆ," ಅಂದಳು ಒತಿಲ್ಯಾ. "ಮೂರನೇ ಚರಣದಲ್ಲಿ."

"ಚೆನ್ನಾಗಿ ಹೇಳಿದ್ನಾ? ಗಟ್ಟಿಯಾಗಿ?"

"ಗಟ್ಟಿಯಾಗೇ ಹೇಳಿದ."

ಎಲ್ಫ್ರಿದಾ ಕುರ್ಚಿಯ ಮೇಲೆ ಕೂತು, ಸೆರಗಿನಂತೆ ಇಳಿಬಿದ್ದ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ನಾನು ಕೇಳ್ದಿದ್ರೇನು ಬಿಡು. ಅಷ್ಟು ಜನ ಕೇಳಿದ್ರಲ್ಲ."

ಒತಿಲ್ಯಾ ಹೂಂ ಅಂದಳು.