ಉಂಡೆ ಯಾರ ಮಾತು ಕೇಳುತ್ತದೆ

ಟೈಲರ್ ಓಡುತ್ತಿದ್ದ. ಎದೆಗವಚಿಕೊಂಡ ಟವೆಲಿನೊಳಗೆ ಉಂಡೆ ಗಡಗಡ ನಡುಗುತ್ತಿತ್ತು, ಅವನ ಕೊರಳಲ್ಲಿ ಅಳತೆಪಟ್ಟಿ ಹಾಗೇ ಜೋತಾಡುತ್ತಿತ್ತು. ಹಿಂದೆ ಹೆಂಡತಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನದು. ಬೆಳಿಗ್ಗೆ ತಾನೇ ಮನೆಯೆಲ್ಲ ಕುಣಿದಾಡಿದ ನಾಯಿ, ಮಧ್ಯಾಹ್ನದ ಹೊತ್ತಿಗೆ ವಾಂತಿ ಮಾಡಿ, ಕುಡಿದವರಂತೆ ತೂರಾಡಿ, ಹೊಲಿಗೆ ಯಂತ್ರದ ಕಾಲಬಳಿ ಧೊಪ್ಪನೆ ಬಿದ್ದಿತ್ತು.

ಉಂಡೆ ಎಂದರೆ ಎರಡು ಬೊಗಸೆ ತುಂಬುವಷ್ಟು ನಾಯಿ, ಮೈತುಂಬ ಬಿಳಿ ಕೂದಲು. ಬೇರೆ ಊರಿಗೆ ಹೊರಟ ಗಿರಾಕಿಯೊಬ್ಬಳು ಕೊಟ್ಟುಹೋಗಿದ್ದಳು. ಬಂದ ಹೊಸದರಲ್ಲಿ ಅದು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ, ನೆಲದ ಮೇಲೆ ಕತ್ತರಿಸಿಟ್ಟ ಬಟ್ಟೆ. ಅದರ ಮೇಲೆಯೇ ಉಚ್ಚೆ! ಮೂಲೆಯಲ್ಲಿ ತೇವ ಹೀರುವ ಹಾಳೆ ಹಾಸಿ, "ಇಲ್ಲಿ ಮಾಡು ಕಂದಾ" ಎಂದು ಹೆಂಡತಿ ಗೋಗರೆದಳು, ಗದರಿದಳು, ಎತ್ತಿಕೊಂಡು ಹೋಗಿ ಕೂರಿಸಿದಳು. ಊಹೂಂ. ಉಂಡೆ ಹಾಳೆಯ ಮೇಲೆ ಸುಖವಾಗಿ ನಿದ್ದೆ ಹೊಡೆದು, ಎದ್ದು ಬಂದು ಯಾರದೋ ಕೋಟಿನ ತೋಳು ಒದ್ದೆ ಮಾಡುತ್ತಿತ್ತು.

ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ತಾನಾಗಿ ಹಾಳೆಯ ಮೇಲೆ ಹೋಗಿ ಕೂತಿತು ನೋಡಿ, ಟೈಲರಿಗೆ ತಲೆಯ ಮೇಲೆ ಕೊಂಬು ಬಂತು. ಬಂದ ಗಿರಾಕಿಗಳ ಮುಂದೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೊಚ್ಚಿಕೊಂಡ. "ಒಂದೇ ಒಂದ್ಸಲ ಕಣ್ಣು ಬಿಟ್ಟು ನೋಡಿದೆ, ಅಷ್ಟೇ. ಅದು ನನ್ನ ಮಾತು ಮಾತ್ರ ಕೇಳೋದು. ಇವಳೂ ಹೇಳಿದ್ದೇ ಹೇಳಿದ್ದು, ಏನಾಯ್ತು?" ಹೆಂಡತಿ ಮುಖ ಗಂಟಿಕ್ಕಿಕೊಂಡು ಗುಂಡಿ ಹೊಲಿಯುತ್ತಿದ್ದಳು. ದಿನಾ ಅದರ ಹಲ್ಲುಜ್ಜುವವಳು ಅವಳು, ಕೂದಲು ಬಾಚುವವಳು ಅವಳು, ಹೆಸರು ಮಾತ್ರ ಇವನಿಗೆ.

ಇಬ್ಬರೂ ಓಡಿ ಬಂದು ಸೇರಿದ ಪಶು ಆಸ್ಪತ್ರೆಯ ಡಾಕ್ಟರಮ್ಮ ಉಂಡೆಯನ್ನು ಮೊದಲೇ ಕಂಡವರು. ಹಿಂದೊಮ್ಮೆ ಅದರ ಹಲ್ಲಿನ ಪಾಚಿ ತೆಗೆದು, "ಸಣ್ಣ ಜಾತಿ ನಾಯಿಗೆ ದವಡೆ ಚಿಕ್ಕದು, ಹಲ್ಲು ಒತ್ತೊತ್ತಾಗಿ ಹುಟ್ಟಿ ಬೇಗ ಹಾಳಾಗುತ್ತೆ. ದಿನಾ ಉಜ್ಜಿ, ಸಿಹಿ ಮುಟ್ಟಿಸಬೇಡಿ" ಎಂದು ತಾಕೀತು ಮಾಡಿ ಕಳಿಸಿದ್ದರು. ಈಗ ಉಂಡೆಯ ರಕ್ತ ತೆಗೆದು ನೋಡಿದವರ ಹುಬ್ಬು ಮೇಲೇರಿತು.

"ಮೈಯಲ್ಲಿ ಸಕ್ಕರೆ ಪಾತಾಳಕ್ಕಿಳಿದಿದೆ. ಏನು ತಿಂತು ಇದು?"

"ಏನೂ ಇಲ್ಲ ಡಾಕ್ಟರೇ," ಎಂದಳು ಹೆಂಡತಿ. "ನೀವು ಹೇಳಿದ ಮೇಲೆ ಬಿಸ್ಕತ್ತು ಕೂಡ ಕೊಟ್ಟಿಲ್ಲ."

"ಸರಿಯಾಗಿ ಯೋಚನೆ ಮಾಡಿ. ಏನು ತಿಂದಿದೆ ಅಂತ ಗೊತ್ತಾಗದಿದ್ದರೆ ನಾನು ಕತ್ತಲಲ್ಲಿ ಸೂಜಿ ಪೋಣಿಸಿದ ಹಾಗೆ. ಅಷ್ಟೊತ್ತಿಗೆ ಇದು ಹೋಗಿಬಿಡುತ್ತೆ."

ಟೈಲರನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅಂಗಿಯ ಜೇಬಿನಲ್ಲಿ ಪೆಪ್ಪರಮಿಂಟಿನ ಪೊಟ್ಟಣವಿತ್ತು. ಅವನಿಗೆ ಸಕ್ಕರೆ ಕಾಯಿಲೆ, ಹಾಗಾಗಿ ಸಕ್ಕರೆಯಿಲ್ಲದ ಪೆಪ್ಪರಮಿಂಟು. ಉಂಡೆ ಹಾಳೆಯ ಮೇಲೆ ಹೋದಾಗಲೆಲ್ಲ, ಹೆಂಡತಿಗೆ ಕಾಣದಂತೆ, ಅದರಲ್ಲೊಂದು ಚೂರು ಉಗುರಿನಲ್ಲಿ ಮುರಿದು ತಿನ್ನಿಸುತ್ತಿದ್ದ. ಕಣ್ಣು ಬಿಟ್ಟು ನೋಡಿದ್ದೂ ಇಲ್ಲ, ಮಣ್ಣೂ ಇಲ್ಲ. ಸಕ್ಕರೆಯೇ ಇಲ್ಲವಲ್ಲ, ಹಲ್ಲಿಗೇನು ಕೇಡು ಎಂದುಕೊಂಡಿದ್ದ. ಈಗಲೂ ಅದನ್ನೇ ಅಂದುಕೊಂಡ. ಅದರಿಂದ ಆಗಿರಲಿಕ್ಕಿಲ್ಲ. ಹೇಳಿದರೆ ಹೆಂಡತಿಯ ಮುಂದೆ ಮಾನ ಹೋಗುತ್ತದೆ, ಬೀದಿಯವರೆಲ್ಲ ನಗುತ್ತಾರೆ. ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತ.

ಮೇಜಿನ ಮೇಲೆ ಉಂಡೆಯ ಕಾಲುಗಳು ಸೆಟೆದುಕೊಂಡವು. ದವಡೆ ಕಟಕಟ ಕಡಿಯಿತು.

"ಇದು!" ಟೈಲರ್ ಪೊಟ್ಟಣ ಕಿತ್ತು ಮೇಜಿನ ಮೇಲೆ ಹಾಕಿದ. "ಇದನ್ನ ಕೊಡ್ತಿದ್ದೆ. ದಿನಾ ಒಂಚೂರು. ಇವತ್ತು ಗಿರಾಕಿ ಮುಂದೆ ಹಾಳೆ ಮೇಲೆ ಹೋಯ್ತು ಅಂತ ಖುಷಿಗೆ ಪೂರ್ತಿ ಒಂದು ಕೊಟ್ಟೆ."

ಡಾಕ್ಟರಮ್ಮ ಪೊಟ್ಟಣ ಓದಿ ಕಣ್ಣು ಮುಚ್ಚಿ ತೆರೆದರು. "ಸಕ್ಕರೆ ಬದಲು ಇದರಲ್ಲಿ ಹಾಕೋ ಸಿಹಿ ನಮಗೇನೂ ಮಾಡಲ್ಲ. ನಾಯಿಗೆ ಇದು ವಿಷ ಕಣ್ರೀ! ಮೈಯಲ್ಲಿರೋ ಸಕ್ಕರೇನೆಲ್ಲ ಇಳಿಸಿಬಿಡುತ್ತೆ, ಆಮೇಲೆ ಲಿವರಿಗೂ ಹೊಡೆಯುತ್ತೆ."

ಗ್ಲೂಕೋಸ್ ಬಾಟಲಿ ಏರಿತು. ಸೆಟೆತ ನಿಂತಿತು. ಟೈಲರ್ ಹೆಂಡತಿಯ ಕಡೆ ಕಳ್ಳನಂತೆ ನೋಡಿದ. ಅವಳು ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಪೊಟ್ಟಣವನ್ನೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವನಿಗೆ ಅನಿಸಿತು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ರಕ್ತ ನೋಡಿದರು. ಸಕ್ಕರೆ ಮತ್ತೆ ಕುಸಿದಿತ್ತು.

"ಒಂದು ತಿಂದರೆ ಇಷ್ಟು ಆಗಬಾರದು. ಎಷ್ಟು ಕೊಟ್ಟಿರಿ? ನಾಚಿಕೆ ಆಮೇಲೆ ಪಟ್ಟುಕೊಳ್ಳಿ, ನಿಜ ಹೇಳಿ."

"ಒಂದೇ! ನನ್ನಾಣೆಗೂ ಒಂದೇ!"

"ಸುಳ್ಳು ಹೇಳಿದರೆ ಸಾಯೋದು ನೀವಲ್ಲ."

"ಅಯ್ಯೋ, ಎಲ್ಲಾ ಒಪ್ಪಿಕೊಂಡ ಮೇಲೆ ಸುಳ್ಳು ಯಾಕ್ರೀ ಹೇಳಲಿ?" ಟೈಲರಿಗೆ ಅಳು ಕಿತ್ತುಕೊಂಡು ಬಂತು. "ಲೇ, ನೀನಾದರೂ ಹೇಳೇ, ನಾನು ಅಂಥವನಾ?"

"ನಾನೂ ಕೊಟ್ಟೆ," ಎಂದಳು ಹೆಂಡತಿ.

ಟೈಲರ್ ತಿರುಗಿದ.

"ನಿಮ್ಮ ಕಳ್ಳಾಟ ನನಗೆ ಗೊತ್ತಿತ್ತು ಕಣ್ರೀ. ಇವತ್ತು ಆ ಗಿರಾಕಿ ಮುಂದೆ ನನ್ನನ್ನ ಆಡಿಕೊಂಡ್ರಲ್ಲ, ಮೈಯೆಲ್ಲ ಉರಿದುಹೋಯ್ತು. ನೀವು ಅವರನ್ನ ಕಳಿಸೋಕೆ ಬಾಗಿಲಿಗೆ ಹೋದಾಗ, ಯಂತ್ರದ ಪಕ್ಕ ನೀವಿಟ್ಟಿರೋ ಪೆಪ್ಪರಮಿಂಟಿನ ಡಬ್ಬಿಯಿಂದ ಕೈಗೆ ಸಿಕ್ಕಷ್ಟು ತೆಗೆದು ಕೊಟ್ಟೆ. ಜಾಸ್ತಿ ಕೊಟ್ಟರೆ ನಿಮ್ಮನ್ನ ನೋಡೋ ಹಾಗೆ ನನ್ನನ್ನೂ ಒಂದ್ಸಲ ನೋಡುತ್ತೆ ಅಂತ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ವಿಷ ಅಂದಮೇಲೆ ನಾಲಿಗೆನೇ ಹೊರಳಲಿಲ್ಲ."

"ಈಗಲಾದರೂ ಹೇಳಿದಿರಲ್ಲ," ಎಂದು ಡಾಕ್ಟರಮ್ಮ ಆಗಲೇ ಇನ್ನೊಂದು ಬಾಟಲಿ ಸಿಕ್ಕಿಸುತ್ತಿದ್ದರು. ಲಿವರಿನ ಔಷಧಿಯೂ ಸೂಜಿಗೇರಿತು.

ಟೈಲರ್ ಬೈಯಲು ಬಾಯಿ ತೆರೆದ. ಯಾವ ಮುಖ ಇಟ್ಟುಕೊಂಡು ಬೈಯುವುದು? ಅವಳನ್ನು ಆ ಡಬ್ಬಿಯವರೆಗೆ ಅಟ್ಟಿದ್ದು ಅವನ ಜಂಬವೇ ಅಲ್ಲವೇ? ಅವಳ ಪಕ್ಕ ಬೆಂಚಿನ ಮೇಲೆ ಕುಸಿದು ಕೂತ. ಹೊರಗೆ ಬಿಸಿಲು ಇಳಿಯತೊಡಗಿತು. ಇಬ್ಬರೂ ಹನಿ ಬೀಳುವುದನ್ನೇ ನೋಡಿದರು.

ಕೊನೆಗೊಮ್ಮೆ ಡಾಕ್ಟರಮ್ಮ ತಲೆಯೆತ್ತಿದರು. "ಸಕ್ಕರೆ ಇಳಿಯೋದು ನಿಂತಿದೆ. ಲಿವರಿನ ಮಾತು ಈಗಲೇ ಹೇಳೋಕಾಗಲ್ಲ, ಇಲ್ಲೇ ಇಟ್ಟುಕೊಳ್ತೀನಿ. ಹೆಸರು ಹಿಡಿದು ಕರೀರಿ, ಗುರುತು ಹಿಡಿಯುತ್ತಾ ನೋಡೋಣ."

ಇಬ್ಬರೂ ಎದ್ದು ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಟೈಲರನ ನಾಲಿಗೆಯ ತುದಿಗೆ ಹೆಸರು ಬಂದು ನಿಂತಿತ್ತು. ನುಂಗಿಕೊಂಡ.

"ನೀನೇ ಕರಿ," ಎಂದ.

"ಬೇಡ, ನೀವೇ ಕರೀರಿ. ನಿಮ್ಮ ಮಾತೇ ಅದು ಕೇಳೋದು."

"ಇಲ್ಲ ಕಣೇ. ಹಾಗೇನಿಲ್ಲ. ಸುಮ್ಮನೆ ಹೇಳ್ತಿದ್ದೆ. ನೀನು ಕರಿ."

ಅವಳು ಬಗ್ಗಿದಳು. ಉಂಡೆಯ ಕಿವಿಯವರೆಗೆ ಬಾಯಿ ತಂದು ಹಿಂದೆ ಸರಿದಳು. ಕರೆದರೆ ಓಗೊಡದಿದ್ದರೆ ಎಂಬ ಭಯ. ಟೈಲರ್ ಮೇಜಿನ ಮೇಲಿಂದ ಕೈಚಾಚಿ ಅವಳ ಕೈ ಹಿಡಿದುಕೊಂಡ. ಇಬ್ಬರೂ ಒಟ್ಟಿಗೇ, "ಉಂಡೇ..." ಎಂದರು.

ಟವೆಲಿನೊಳಗೆ ಒಂದು ಕಿವಿ ಅಲುಗಿತು. ಕಣ್ಣು ಅರೆ ತೆರೆಯಿತು, ಅತ್ತಿತ್ತ ಹೊರಳಿತು. ಅದು ಯಾರನ್ನು ನೋಡಿತೆಂದು ಇಬ್ಬರೂ ಕೇಳಲಿಲ್ಲ.