ಯಂತ್ರದ ಮಾನ
ಬಬಲೇಶ್ವರದ ರೈತರ ಹೆಸರುಗಳು ಕಂಪ್ಯೂಟರಿನಿಂದ ಅಳಿಸಿಹೋದವೆಂದು, ಅವನ್ನು ಟೈಪು ಮಾಡಿದ್ದ ತಿಕೋಟಾದ ಪೀರಾಂಬಿಯನ್ನು ಬೀಜದ ಕಂಪನಿಯವರು ಕೆಲಸದಿಂದ ತೆಗೆದರು.

ಅದು 1979. ವಿಜಾಪುರದ ಆ ಆಫೀಸಿನಲ್ಲಿ ಪ್ರೋಗ್ರಾಮು ಬರೆಯುವವನು ಮಲಕಾಜಪ್ಪನೊಬ್ಬನೇ. ಯಂತ್ರದ ಹೊಟ್ಟೆ ಬಗೆದು ನೋಡಿದ ಮೇಲೆ ಅವನ ಮೈಯೆಲ್ಲ ಉರಿದುಹೋಯಿತು. ತಪ್ಪು ಪೀರಾಂಬಿಯದಲ್ಲ, ಟೈಪಾದದ್ದನ್ನು ಕೂಡಿಡುವ ಡಿಸ್ಕನ್ನು ನಡೆಸುವ ಕಂಟ್ರೋಲರಿನದು. ಕೆಲಸ ಮೇಲಿಂದ ಮೇಲೆ ಬಿದ್ದರೆ ಅದು ಏನನ್ನೂ ಬರೆಯದೆಯೇ ಬರೆದೆನೆಂದು ಸುಳ್ಳು ಹೇಳುತ್ತಿತ್ತು.

"ಇದಕ್ಕ ದಾರಿ ಐತೇನೋ?" ಮ್ಯಾನೇಜರ್ ಕೇಳಿದ.

"ಐತ್ರಿ. ಅದರ ಮಾತು ನಂಬದ, ಬರದದ್ದನ್ನ ತಿರುಗಿ ಓದಿ ನೋಡೂಹಂಗ ಡಿಸ್ಕಿಗೆ ಅಪ್ಪಣೆ ಕೊಡೂ ಡ್ರೈವರ್ ಪ್ರೋಗ್ರಾಮು ತಿದ್ದೀನಿ. ಪೀರಾಂಬಿನ್ನ ಯಾವಾಗ ಕರಸ್ತೀರಿ?"

"ಆಕಿ ಚಿಂತಿ ನಿನಗ್ಯಾಕಲೇ? ಯಂತ್ರ ಸುಳ್ಳು ಹೇಳತೈತಿ ಅಂದ್ರ, ಅದನ್ನ ತರಿಸಿದ ನನ್ನ ಮಾರಿಗೆ ಉಗುಳ್ತಾರ. ಬಾಯಿ ಮುಚಗೊಂಡು ಆ ಪ್ರೋಗ್ರಾಮು ಯಂತ್ರಕ್ಕ ಹಾಕು."

"ಯಂತ್ರದ ಮಾನ ಉಳಸಾಕ ಹೆಣ್ಮಗಳ ಅನ್ನ ಕಸಗೊಂಡ್ರೇನ್ರಿ?"

"ಭಾಷಣ ಬ್ಯಾಡ. ನಾಳೆ ಹೆಡ್ಡಾಫೀಸಿನವರು ಯಂತ್ರ ನೋಡಾಕ ಬರ್ತಾರ. ಹಾಕಂದ್ರ ಹಾಕು."

ಮಲಕಾಜಪ್ಪ ತಿದ್ದಿದ ಪ್ರೋಗ್ರಾಮಿನ ಟೇಪನ್ನು ಕಿಸೆಗೆ ತುರುಕಿಕೊಂಡು ಎದ್ದುನಿಂತ.

"ತಪ್ಪು ಯಂತ್ರದ್ದು ಅಂತ ಪೀರಾಂಬಿನ್ನ ಕರಸಿ, ಎಲ್ಲಾರ ಮುಂದ ನೀವು ಹೇಳೂತನಕ ನಾ ಹಾಕೂದಿಲ್ರಿ."